ಬೆಂಕಿ ಟೀಚರ್ ಮತ್ತು ಹೀಟರಿನ ಗುಂಡಿ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಗೋಡೆಯ ಮೇಲಿದ್ದ ಒಂದು ಕಪ್ಪು ಗುಂಡಿ. ಗಾತ್ರದಲ್ಲಿ ಬಾಟಲಿಯ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದು. ಬಲಕ್ಕೆ ತಿರುಗಿಸಿದರೆ ಯೋಗದ ಕೋಣೆ ಕಾದ ಕಾವಲಿಯಾಗಬೇಕು, ಎಡಕ್ಕೆ ತಿರುಗಿಸಿದರೆ ಆರಬೇಕು. ಅಷ್ಟೇ ಅದರ ಕೆಲಸ. ಅಷ್ಟು ಸಣ್ಣ ವಸ್ತುವಿಗೆ ಆ ದಿನ ಅಷ್ಟೊಂದು ಕೈಗಳು ಮುತ್ತಿಕೊಂಡವು.

ಆ ಕೋಣೆಯಲ್ಲಿ ಬಿಸಿ ಯೋಗ ಕಲಿಸುವವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಬೆಂಕಿ ಟೀಚರ್. ಕಿಟಕಿ ಬಾಗಿಲು ಮುಚ್ಚಿ, ಹೀಟರ್ ಹಚ್ಚಿ, ಪ್ರತಿಯೊಬ್ಬರ ಬೆವರೂ ಚಾಪೆಯ ಮೇಲೆ ತೊಟ್ಟಿಕ್ಕುವ ತನಕ ಅವಳು ಬಿಡುತ್ತಿರಲಿಲ್ಲ. "ಬೆವರು ಬರ್ಲಿಲ್ಲ ಅಂದ್ರೆ ಅದು ಯೋಗ ಅಲ್ಲ, ನಿದ್ದೆ" ಎನ್ನುವುದು ಅವಳ ಮಾತು. ಅಂಥವಳು ಬಸುರಿಯಾದಳು. ಮದುವೆಯಾಗಿ ವರ್ಷಗಟ್ಟಲೆ ಕಾದು, ಇನ್ನು ಆಗುವುದಿಲ್ಲವೇನೋ ಎಂದು ಗಂಡ ಹೆಂಡಿರಿಬ್ಬರೂ ಆ ಮಾತೆತ್ತುವುದನ್ನೇ ಬಿಟ್ಟ ಮೇಲೆ ನಿಂತ ಬಸಿರು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಯೋಗ ಮೆಲ್ಲಗೆ ಮಾಡಬಹುದು, ಬಿಸಿ ಕೋಣೆ ಮಾತ್ರ ಬೇಡ.

ಟೀಚರ್ ಈ ಸುದ್ದಿಯನ್ನು ಯೋಗಶಾಲೆಯ ಯಜಮಾನಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು. ಯಜಮಾನಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟು ಹೊತ್ತು. ಸಂಜೆಯೊಳಗೆ ಯೋಗಕ್ಕೆ ಬರುವವರಿಗೆ, ಅವರ ಮನೆಯವರಿಗೆ, ಕೆಳಗಿನ ಅಂಗಡಿಯವನಿಗೆ ಕೂಡ ಗೊತ್ತಾಗಿ ಹೋಯಿತು. ಅವತ್ತಿನಿಂದ ಗುಂಡಿ ಎಡಗಡೆಯ ಕೊನೆಯ ಗೀಟಿನಲ್ಲಿ ನಿಂತಿತು. ಟೀಚರ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಾಯಲ್ಲೇ ಆಸನ ಮಾಡಿಸತೊಡಗಿದಳು.

ಒಂದೇ ಒಂದು ದಿನ ತಪ್ಪಿದಳು. ಸುಡು ಬೇಸಿಗೆಯ ಮಧ್ಯಾಹ್ನ, ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಹೊಸದಾಗಿ ಸೇರಿದವಳೊಬ್ಬಳು, "ಇದೇನು ಬಿಸಿ ಯೋಗಾನೋ, ಆರಿದ ಯೋಗಾನೋ?" ಎಂದು ಪಕ್ಕದವಳ ಕಿವಿಯಲ್ಲಿ ಉಸುರಿದ್ದು ಟೀಚರ್ ಕಿವಿಗೆ ಬಿತ್ತು. ಕಲಿಸುವವರಿಗೆ ಇರುವ ಹಾಳು ಅಭಿಮಾನ! ಎದ್ದು ಹೋಗಿ ಗುಂಡಿಯನ್ನು ಬಲತುದಿಗೆ ತಿರುಗಿಸಿದಳು. ಕುರ್ಚಿ ಪಕ್ಕಕ್ಕೆ ತಳ್ಳಿ, ಎಲ್ಲರ ಮುಂದೆ ನಿಂತು, ಒಂದೂ ಬಿಡದೆ ಆಸನಗಳನ್ನು ಮಾಡಿ ತೋರಿಸಿದಳು. ಧಾರಾಕಾರವಾಗಿ ಬೆವರಿದಳು. "ಇದಪ್ಪಾ ಬಿಸಿ ಅಂದ್ರೆ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅದಾಗಿ ಒಂದು ವಾರ ತುಂಬುವುದರೊಳಗೆ ಬಸಿರು ಇಳಿದುಹೋಯಿತು.

"ನಿಮ್ಮಿಂದ ಆಗಿದ್ದಲ್ಲಮ್ಮ. ಮೊದಲ ತಿಂಗಳುಗಳಲ್ಲಿ ಹೀಗಾಗೋದುಂಟು. ಎಷ್ಟೋ ಸಲ ಕಾರಣಾನೇ ಗೊತ್ತಾಗಲ್ಲ" ಎಂದರು ಡಾಕ್ಟರಮ್ಮ. ಟೀಚರ್ ತಲೆಯಾಡಿಸಿದಳು. ಗುಂಡಿಯ ವಿಷಯ ಅವರಿಗೆ ಹೇಳಿರಲಿಲ್ಲ. ಗಂಡನಿಗೂ ಹೇಳಲಿಲ್ಲ. ಕಾರಣ ತನ್ನ ಹೆಬ್ಬೆರಳಿಗೂ ತೋರುಬೆರಳಿಗೂ ಗೊತ್ತು, ಹಾಗೆ ತಿರುಗಿಸಿದ್ದು ಅವೇ ಅಲ್ಲವೇ ಎಂದುಕೊಂಡಳು. ಯೋಗಶಾಲೆಗೆ ಬೆನ್ನುನೋವೆಂದು ಹೇಳಿ ರಜೆ ಹಾಕಿದಳು.

ಆ ರಾದ್ಧಾಂತದ ದಿನ ಬೆಳಿಗ್ಗೆ ರಜೆ ಮುಗಿಸಿ ಬಂದಿದ್ದಳು. ಮನಸ್ಸಿನಲ್ಲಿ ಎರಡು ಕೆಲಸಗಳಿದ್ದವು. ಒಂದು, ಎಲ್ಲರಿಗೂ ನಿಜ ಹೇಳಿಬಿಡುವುದು. ಎರಡು, ಹೀಟರನ್ನು ಪೂರ್ತಿ ಏರಿಸಿ, ಆ ಬಿಸಿಯಲ್ಲಿ ನಿಂತು ಮನಸಾರೆ ಅಳುವುದು. ಮನೆಯಲ್ಲಿ ಅಳುವ ಹಾಗಿರಲಿಲ್ಲ. ಇವಳು ಶುರು ಮಾಡಿದರೆ ಗಂಡ ಇವಳಿಗಿಂತ ಜೋರಾಗಿ ಅಳುತ್ತಿದ್ದ, ಕೊನೆಗೆ ಇವಳೇ ಕಣ್ಣೊರೆಸಿಕೊಂಡು ಅವನಿಗೆ ನೀರು ತಂದುಕೊಡಬೇಕಾಗುತ್ತಿತ್ತು. ಬಿಸಿ ಕೋಣೆಯಲ್ಲಾದರೆ ಎಲ್ಲರ ಮುಖದಲ್ಲೂ ನೀರು. ಯಾವುದು ಬೆವರು, ಯಾವುದು ಕಣ್ಣೀರು ಎಂದು ಯಾರು ಲೆಕ್ಕ ಹಾಕುತ್ತಾರೆ?

ಮೊದಲನೆಯ ಕೆಲಸ ಬಾಗಿಲಲ್ಲೇ ಕೆಟ್ಟಿತು.

"ಬಂದ್ಯಾ ಮಗಳೇ! ಬಾ ಬಾ, ಇಲ್ಲಿ ನೋಡು!" ಎಂದು ಯಜಮಾನಿ ಕೈಹಿಡಿದು ಒಳಗೆ ಎಳೆದೊಯ್ದಳು. ಹಳೆಯ ಕುರ್ಚಿಯ ಜಾಗದಲ್ಲಿ ಮೆತ್ತೆ ಹಾಕಿದ, ಒರಗಲು ದಿಂಬಿದ್ದ, ಕಾಲಿಡಲು ಮಣೆಯಿದ್ದ ಹೊಸ ಕುರ್ಚಿ. "ಬೆನ್ನುನೋವು ಅಂದ್ಯಲ್ಲ, ಅದಕ್ಕೆ."

"ಅಮ್ಮಾ, ನಿಮ್ಮ ಹತ್ರ ಒಂದು ವಿಷಯ..."

"ವಿಷಯ ಆಮೇಲೆ. ಮೊದ್ಲು ಕೂತ್ಕೋ."

ಕೂತಳೋ ಇಲ್ಲವೋ, ಯೋಗಕ್ಕೆ ಬರುವ ದರ್ಜಿ ಅಕ್ಕ ಬಂದು ಮಡಿಲಲ್ಲಿ ಒಂದು ಪೊಟ್ಟಣ ಇಟ್ಟಳು. ಬಿಚ್ಚಿದರೆ ಕುಲಾವಿಗಳು. "ತಲೆ ಅಳತೆ ಗೊತ್ತಿಲ್ವಲ್ಲ ಟೀಚರ್, ಅದಕ್ಕೇ ಮೂರು ಸೈಜಲ್ಲಿ ಹೊಲಿದಿದೀನಿ. ಯಾವುದಾದ್ರೂ ಒಂದು ಕೂತ್ಕೊಳ್ಳುತ್ತೆ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ಲಂತೆ! ಗಾದೇನ ಕೇಳಿದ್ದೆ, ಇವತ್ತು ಕಣ್ಣಾರೆ ನೋಡ್ದೆ" ಎಂದಳು ಪಕ್ಕದ ಚಾಪೆಯ ಸಲಹೆ ಆಂಟಿ. ಕೇಳದೆ ಸಲಹೆ ಕೊಡುವುದರಲ್ಲಿ ಆ ಊರಲ್ಲೇ ಅವಳನ್ನು ಮೀರಿಸಿದವರಿರಲಿಲ್ಲ. "ನೀನು ಎಡ ಮಗ್ಗುಲಲ್ಲಿ ಮಲ್ಗು ಟೀಚರ್. ಭಾರ ಎತ್ತಬೇಡ. ಅವತ್ತಿನ ಹಾಗೆ ಬಿಸೀಲಿ ಕುಣಿದು ಬೆನ್ನು ನೋಯಿಸ್ಕೋಬೇಡ. ದುಃಖದ ಸುದ್ದಿ ಕೇಳಬೇಡ."

ದುಃಖದ ಸುದ್ದಿಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತಿದ್ದವಳು ಏನು ಹೇಳಿಯಾಳು? ಹತ್ತಿಬಟ್ಟೆಯ ಆ ಕುಲಾವಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅವಳ ಮುಷ್ಟಿಯ ಮೇಲೆ ಸರಿಯಾಗಿ ಕೂರುವಂತಿತ್ತು. ಎಲ್ಲವನ್ನೂ ಬೇಗ ಬೇಗ ಮಡಿಸಿ ಚೀಲಕ್ಕೆ ಹಾಕಿಕೊಂಡು, "ಚೆನ್ನಾಗಿದೆ ಅಕ್ಕ" ಎಂದಳು. ಹೇಳುವುದು ಸಂಜೆಗಿರಲಿ, ಮೊದಲು ಅಳುವ ಕೆಲಸವಾದರೂ ಆಗಲಿ ಎಂದು ಎದ್ದು ಹೋಗಿ ಗುಂಡಿಯನ್ನು ಬಲತುದಿಗೆ ತಿರುಗಿಸಿದಳು.

ಹೀಟರಿನ ಕೆಂಪು ದೀಪ ಹತ್ತಿತು. ಫ್ಯಾನು ಗುರ್‌ ಎಂದಿತು. ಬೇಸಿಗೆ ಕಳೆದು ಹೊರಗೆ ಮೋಡ ಕವಿದ ದಿನ. ಕೋಣೆ ಕಾಯಲು ಸ್ವಲ್ಪ ಹೊತ್ತು ಬೇಕು ಎಂದುಕೊಂಡು ಟೀಚರ್ ಕೈಗಳನ್ನು ಮೇಲೆತ್ತಿ ನಿಂತಳು. ಕಣ್ಣು ಆಗಲೇ ತುಂಬಿತ್ತು. ಮುಖ ಒದ್ದೆಯಾಗಲಿ ಎಂದು ಕಾದಳು. ಆಗಲಿಲ್ಲ. ತಿರುಗಿ ನೋಡಿದರೆ ಗುಂಡಿ ಎಡಕ್ಕಿದೆ, ಸಲಹೆ ಆಂಟಿ ಬೆಕ್ಕಿನ ಹೆಜ್ಜೆಯಲ್ಲಿ ತನ್ನ ಚಾಪೆಗೆ ಮರಳುತ್ತಿದ್ದಾಳೆ.

ಟೀಚರ್ ಮತ್ತೆ ಬಲಕ್ಕೆ ತಿರುಗಿಸಿದಳು. ಈ ಸಲ ದರ್ಜಿ ಅಕ್ಕ ಟವೆಲ್ ತೆಗೆದುಕೊಳ್ಳುವ ನೆಪದಲ್ಲಿ ಹೋಗಿ ಇಳಿಸಿ ಬಂದಳು. ಮೂರನೆಯ ಸಲ ನಿವೃತ್ತ ಹೆಡ್‌ಮಾಸ್ತರರು ಎದ್ದರು. ಅವರು ನೆಪಗಿಪ ಹುಡುಕುವವರಲ್ಲ. ತಮ್ಮ ಚಾಪೆಯನ್ನೇ ಎಳೆದು ತಂದು ಗುಂಡಿಯ ಕೆಳಗೆ ಹಾಸಿ, ಪರೀಕ್ಷೆಯ ಕೊಠಡಿಯಲ್ಲಿ ಕಾವಲಿಗೆ ನಿಂತವರ ಹಾಗೆ ಎದೆಯುಬ್ಬಿಸಿ ನಿಂತರು.

"ಸಾರ್, ಅದು ನನ್ನ ಕ್ಲಾಸು. ಬಿಸಿ ಎಷ್ಟಿರಬೇಕು ಅಂತ ನಾನು ತೀರ್ಮಾನ ಮಾಡ್ತೀನಿ" ಎಂದಳು ಟೀಚರ್.

"ನೀನು ತೀರ್ಮಾನ ಮಾಡೋ ಕಾಲ ಮುಗೀತಮ್ಮ. ಈಗ ಮಗು ತೀರ್ಮಾನ ಮಾಡುತ್ತೆ."

ಎಲ್ಲರೂ ನಕ್ಕರು. ಟೀಚರ್ ಕೂಡ ನಗಬೇಕಾಯಿತು.

ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಕೋಣೆಯಲ್ಲಾದರೂ ಅತ್ತುಬಿಡೋಣವೆಂದರೆ ಯಜಮಾನಿ ಹಾಲಿನ ಲೋಟ ಹಿಡಿದು ಬಂದು ಎದುರಿಗೆ ಕೂತಳು. ಕುಡಿದು ಮುಗಿಸುವ ತನಕ ಏಳಲಿಲ್ಲ. ಬಾಗಿಲಿಗೆ ತೂಗುಹಾಕಲು ಬರೆಸಿದ ಹೊಸ ಬೋರ್ಡು ತೋರಿಸಿದಳು. ಅದರಲ್ಲಿ ಬರೆದದ್ದು: ಬಸುರಿಯರಿಗಾಗಿ ತಂಪು ಯೋಗ, ಕಲಿಸುವವರು ನಮ್ಮ ಬೆಂಕಿ ಟೀಚರ್. "ಅನುಭವಸ್ಥೆ ಹೇಳಿಕೊಟ್ಟ ಹಾಗೆ ಬೇರೆ ಯಾರು ಹೇಳಿಕೊಡ್ತಾರೆ ಹೇಳು? ಮುಂದಿನ ವಾರದಿಂದ್ಲೇ ಶುರು. ಆಗ್ಲೇ ತುಂಬಾ ಜನ ವಿಚಾರಿಸ್ತಿದಾರೆ."

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಈ ಹೆಂಗಸಿನ ಮುಖದಲ್ಲಿ ಅರಳಿರುವುದೆಲ್ಲ ಬಾಡುತ್ತದೆ. ಹೇಳದಿದ್ದರೆ ಮುಂದಿನ ವಾರ ತುಂಬಿದ ಹೊಟ್ಟೆಗಳ ನಡುವೆ ನಿಂತು ಉಸಿರಾಟ ಕಲಿಸಬೇಕು. ಟೀಚರ್ ಖಾಲಿ ಲೋಟವನ್ನು ತೊಳೆಯಲು ಎದ್ದಳು. "ಬಗ್ಗಬೇಡ!" ಎಂದು ಯಜಮಾನಿ ಅದನ್ನೂ ಕಸಿದುಕೊಂಡಳು.

ಸಂಜೆಯ ತರಗತಿಗೆ ಬೆಳಗಿನವರೆಲ್ಲ ಮತ್ತೆ ಹಾಜರಾಗಿದ್ದರು, ಯೋಗಕ್ಕಲ್ಲ, ಕಾವಲಿಗೆ. ಹೆಡ್‌ಮಾಸ್ತರರು ಮೊದಲೇ ಬಂದು ಗುಂಡಿಯ ಕೆಳಗಿನ ಜಾಗ ಹಿಡಿದಿದ್ದರು. ಟೀಚರ್‌ಗೆ ಸಾಕಾಗಿತ್ತು. ಬೆಳಗಿನಿಂದ ಹಿಡಿದಿಟ್ಟ ಅಳು ಇನ್ನು ತಡೆಯುವಂತಿರಲಿಲ್ಲ. "ಎಲ್ರೂ ಮಲ್ಕೊಳ್ಳಿ. ಶವಾಸನ. ಕಣ್ಣು ಮುಚ್ಚಿ" ಎಂದಳು.

"ಕ್ಲಾಸ್ ಶುರುವಾಗೋಕೆ ಮೊದ್ಲೇ ಶವಾಸನಾನಾ?" ಎಂದರು ಹೆಡ್‌ಮಾಸ್ತರರು.

"ಇದು ಹೊಸ ಪದ್ಧತಿ ಸಾರ್."

ಎಲ್ಲರೂ ಮಲಗಿ ಕಣ್ಣು ಮುಚ್ಚಿದರು. ಟೀಚರ್ ತುದಿಗಾಲಲ್ಲಿ ಹೋಗಿ, ಹೆಡ್‌ಮಾಸ್ತರರ ಹೊಟ್ಟೆಯನ್ನು ದಾಟಿ, ಗುಂಡಿಗೆ ಕೈಹಾಕಿದಳು. ಸಲಹೆ ಆಂಟಿ ಜೀವಮಾನದಲ್ಲಿ ಎಂದೂ ಎರಡು ಕಣ್ಣನ್ನೂ ಒಟ್ಟಿಗೆ ಮುಚ್ಚಿದವಳಲ್ಲ. "ಅಯ್ಯೋ, ಬಿಸಿ ಏರಿಸ್ತಿದಾಳೆ!" ಎಂದು ಕೂಗಿ ಹಾರಿ ಬಂದಳು. ದರ್ಜಿ ಅಕ್ಕ ಓಡಿ ಬಂದಳು. ಹೆಡ್‌ಮಾಸ್ತರರು ಏಳಲು ಹೋಗಿ ಮೂವರ ಕಾಲಿಗೂ ಸಿಕ್ಕಿದರು. ಬಲಕ್ಕೊಬ್ಬರು, ಎಡಕ್ಕಿಬ್ಬರು ತಿರುಗಿಸುವ ಗಲಾಟೆಯಲ್ಲಿ ಟಕ್ ಎಂದಿತು. ಗುಂಡಿ ಕಿತ್ತು ಟೀಚರ್ ಕೈಗೆ ಬಂದಿತ್ತು.

ಯಜಮಾನಿ ಹೀಟರ್ ರಿಪೇರಿಯವನನ್ನು ಕರೆಸಿದಳು. ಅವನು ಬಂದು, ಗೋಡೆಯಲ್ಲಿ ಉಳಿದಿದ್ದ ಬೋಳು ಕಡ್ಡಿಯನ್ನು ನೋಡಿ, ಟೀಚರ್ ಕೈಯಲ್ಲಿದ್ದ ಗುಂಡಿಯನ್ನು ನೋಡಿ, ತಲೆ ಕೆರೆದುಕೊಂಡ.

"ಇದಕ್ಯಾಕೆ ಇಷ್ಟು ಕಿತ್ತಾಡಿದ್ರಿ? ಇದನ್ನ ಎತ್ಲಾಗೆ ತಿರುಗಿಸಿದ್ರೂ ಅಷ್ಟೇ ಅಲ್ವಾ? ಬಿಸಿ ಮಾಡೋ ಕಾಯಿಲ್ ವೈರ್ ನಾನೇ ಕಿತ್ತಿದ್ನಲ್ಲ."

ಯಜಮಾನಿ ಕಣ್ಸನ್ನೆ ಮಾಡಿದಳು. ಅವನಿಗೆ ಅರ್ಥವಾಗಲಿಲ್ಲ.

"ನೀವೇ ಅಲ್ವಾ ಮೇಡಂ ಹೇಳಿದ್ದು? ದೀಪ ಹತ್ಲಿ, ಫ್ಯಾನ್ ತಿರುಗ್ಲಿ, ಬಿಸಿ ಮಾತ್ರ ಬರಬಾರ್ದು ಅಂತ?"

ಕೋಣೆಯಲ್ಲಿ ಎಲ್ಲರೂ ಯಜಮಾನಿಯತ್ತ ತಿರುಗಿದರು. ಇಡೀ ಬಾಳಿನಲ್ಲಿ ಅವಳು ಕಾಪಾಡಿಕೊಂಡಿದ್ದು ಇದೊಂದೇ ಗುಟ್ಟು. ಅದೂ ಹೋಯಿತು.

"ಇನ್ನೇನು ಮಾಡ್ಲಿ?" ಎಂದಳು ಅವಳು, ಸಿಕ್ಕಿಬಿದ್ದವರ ಜೋರಿನಲ್ಲಿ. "ಹೀಟರ್ ತೆಗೆಸಿದ್ರೆ ಹೊಸಬರ್ಯಾರೂ ಬರಲ್ಲ. ಹೀಟರ್ ಇದ್ರೆ ಇವಳು ಸುಮ್ನಿರಲ್ಲ. ಇವಳ ಹಟ ನಂಗೊತ್ತಿಲ್ವಾ? ಒಂದಲ್ಲಾ ಒಂದಿನ ಯಾರಾದ್ರೂ ಕೆಣಕಿದ್ರೆ ಎದ್ದು ಹೋಗಿ ತಿರುಗಿಸ್ತಾಳೆ ಅಂತ ಮೊದಲ ದಿನವೇ ಅಂದ್ಕೊಂಡೆ."

"ಯಾವತ್ತಿಂದ?" ಎಂದು ಕೇಳಿದಳು ಟೀಚರ್. ದನಿ ಅವಳದೇ ಎಂದು ಯಾರಿಗೂ ಅನ್ನಿಸಲಿಲ್ಲ. "ಅಮ್ಮಾ, ವೈರ್ ತೆಗೆಸಿದ್ದು ಯಾವತ್ತು?"

"ನೀನು ಸುದ್ದಿ ಹೇಳಿದ ಮಾರನೇ ದಿನವೇ."

"ಅವತ್ತು ನಾನು ನಿಂತು ಕ್ಲಾಸ್ ಮಾಡಿದ್ನಲ್ಲ. ಎಲ್ರೂ ಬೆವೆತ್ರಲ್ಲ."

"ಆ ಬೇಸಿಗೇಲಿ ಕಿಟಕಿ ಮುಚ್ಕೊಂಡು ಅಷ್ಟು ಜನ ಕುಣಿದ್ರೆ ಬೆವರದೆ ಏನಾಗುತ್ತೆ? ಹೀಟರ್ ತಣ್ಣಗೆ ಕೂತಿತ್ತು ಮಗಳೇ."

ಟೀಚರ್ ಕೈಯಲ್ಲಿದ್ದ ಗುಂಡಿಯನ್ನು ನೋಡಿದಳು. ಅಷ್ಟು ದಿನ ಅವಳು ಮಲಗಿದ್ದು, ಎದ್ದಿದ್ದು, ಉಂಡಿದ್ದು ಎಲ್ಲವೂ ಈ ಗುಂಡಿಯ ಜೊತೆಗೇ. ತಾನೇ ತಿರುಗಿಸಿದೆ, ತಾನೇ ಕಳೆದುಕೊಂಡೆ.

"ಹಾಗಾದ್ರೆ ನಾನಲ್ಲ" ಎಂದಳು.

"ಏನು ನೀನಲ್ಲ?"

"ಮಗು ಹೋಗಿದ್ದು ನನ್ನಿಂದಲ್ಲ."

ಬೆಳಗಿನಿಂದ ಹೇಳಲಾಗದೆ ಒದ್ದಾಡಿದ ಮಾತು ಹೀಗೆ, ಅವಳ ಅಪ್ಪಣೆ ಕೇಳದೆಯೇ, ಹೊರಬಿದ್ದಿತ್ತು. ದರ್ಜಿ ಅಕ್ಕ ಬಾಯಿಗೆ ಕೈ ಒತ್ತಿಕೊಂಡಳು. ಹೆಡ್‌ಮಾಸ್ತರರು ತಮ್ಮ ಚಾಪೆಯನ್ನು ಸುತ್ತತೊಡಗಿದವರು ಅರ್ಧಕ್ಕೆ ನಿಲ್ಲಿಸಿದರು. ಯಜಮಾನಿ ಬಾಗಿಲ ಬಳಿ ಹೋಗಿ, ಹೊಸ ಬೋರ್ಡನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.

ತಪ್ಪು ತನ್ನದಲ್ಲವೆಂದು ಗೊತ್ತಾದರೆ ಎದೆ ಹಗುರಾಗುತ್ತದೆ ಎಂದು ಟೀಚರ್ ನಂಬಿದ್ದಳು. ಆಗಲಿಲ್ಲ. ಇಷ್ಟು ದಿನ ಬೈಯಲು ತಾನೊಬ್ಬಳಾದರೂ ಇದ್ದಳು. ಇನ್ನು ಮುಂದೆ ಯಾರನ್ನು ಬೈಯುವುದು? ಮಗು ಯಾಕೆ ಹೋಯಿತು ಎಂದರೆ ಯಾಕೂ ಇಲ್ಲ, ಸುಮ್ಮನೆ ಹೋಯಿತು. ಅದಕ್ಕಿಂತ ಅಪರಾಧಿಯಾಗಿರುವುದೇ ವಾಸಿಯಾಗಿತ್ತು. ಅವಳು ಮೆತ್ತೆಯ ಕುರ್ಚಿಯಲ್ಲಿ ಕುಸಿದಳು. ಬೆವರಿಲ್ಲದ ಒಣ ಮುಖದ ಮೇಲೆ ಕಣ್ಣೀರು ಎಲ್ಲರಿಗೂ ಕಾಣುವ ಹಾಗೆ ಇಳಿಯಿತು. ಮುಚ್ಚಿಕೊಳ್ಳಲು ಏನೂ ಇರಲಿಲ್ಲ.

ಸಲಹೆ ಆಂಟಿ ಬಾಯಿ ತೆರೆದಳು. ಎಲ್ಲರೂ ಅವಳತ್ತ ದುರುಗುಟ್ಟಿ ನೋಡಿದರು. ಅವಳು ಸಲಹೆಯನ್ನು ನುಂಗಿ ಕುರ್ಚಿಯ ಹತ್ತಿರ ಬಂದಳು. ಟೀಚರ್ ಕೈಯ ಬೆರಳುಗಳನ್ನು ತಾನೇ ಬಿಡಿಸಿ ಗುಂಡಿಯನ್ನು ತೆಗೆದುಕೊಂಡಳು. ಗೋಡೆಯ ಹತ್ತಿರ ಹೋಗಿ ಅದನ್ನು ಕಡ್ಡಿಗೆ ಸಿಕ್ಕಿಸಿ, ಬಲಕ್ಕೆ, ಕೊನೆಯ ತನಕ ತಿರುಗಿಸಿದಳು. ದೀಪ ಹತ್ತಿತು, ಫ್ಯಾನು ತಣ್ಣನೆಯ ಗಾಳಿ ಊದಿತು.

"ಅಬ್ಬಾ, ಏನು ಸೆಖೆ" ಎಂದು ಆಂಟಿ ಟವೆಲ್ಲಿನಿಂದ ಮುಖ ಒರೆಸಿಕೊಂಡಳು.

"ತಡೆಯೋಕಾಗ್ತಿಲ್ಲ" ಎಂದಳು ದರ್ಜಿ ಅಕ್ಕ, ಸೆರಗು ಕಣ್ಣಿಗೊತ್ತಿ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ರಿಪೇರಿಯವನು ಹೀಟರಿನ ಜಾಲರಿಗೆ ಕೈಹಿಡಿದು ನೋಡಿದ. ಏನೂ ಬಿಸಿಯಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿ, ಏನು ಹೇಳಬೇಕೆಂದು ತಿಳಿಯದೆ, ತನ್ನ ಒಣ ಹಣೆಯನ್ನೂ ತೋಳಿನಿಂದ ಒರೆಸಿಕೊಂಡು, "ಹೌದು, ಸೆಖೆ ಜಾಸ್ತಿ" ಎಂದ.

ಇಡೀ ಕೋಣೆ ಇಲ್ಲದ ಬೆವರು ಒರೆಸಿಕೊಳ್ಳುತ್ತಿತ್ತು. ಟೀಚರ್ ಒಬ್ಬಳು ಮಾತ್ರ ಅಳುತ್ತ, ಆ ತಣ್ಣನೆಯ ಗಾಳಿಯ ಚಳಿಗೆ ನಡುಗುತ್ತಿದ್ದಳು.