ನಾಯಿ ಬಂತೋ ಇಲ್ಲವೋ

ಪುಸ್ತಕದ ನಲವತ್ತೊಂದನೇ ಪುಟ ಹರಿದುಹೋಗಿತ್ತು. ಆ ದಿನದ ಅಷ್ಟೂ ಅವಾಂತರಕ್ಕೆ ಅದೇ ಮೂಲ.

ಇಂಗ್ಲಿಷ್ ಕಲಿಯುವವರಿಗೆಂದು ಬರೆದ ಪುಸ್ತಕ ಅದು. ಒಂದೊಂದು ಪಾಠಕ್ಕೂ ಒಂದು ಸಣ್ಣ ಕತೆ, ಕೆಳಗೆ ಹತ್ತು ಪ್ರಶ್ನೆ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದ ನಮ್ಮ ಇಸ್ತ್ರಿಯಣ್ಣನಿಗೆ ಐವತ್ತನೇ ವಯಸ್ಸಿನಲ್ಲಿ ಇದೆಲ್ಲ ಬೇಕಾಗಿತ್ತೇ ಎಂದು ಕೇಳಬೇಡಿ. ಬೇಕಾಗಿತ್ತು. ಲಾಂಡ್ರಿಯ ಸೂಪರ್‌ವೈಸರ್ ನಿವೃತ್ತರಾಗಿದ್ದರು. ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ ಅವರ ಕುರ್ಚಿ ಖಾಲಿ ಬಿದ್ದಿತ್ತು. ಹೊಸ ಮಿಷನ್ನು, ಹೊಸ ಪೌಡರು, ಎಲ್ಲದರ ಜೊತೆ ಬರುವ ಕಾಗದವೂ ಇಂಗ್ಲಿಷಿನಲ್ಲೇ ಇರುತ್ತಿದ್ದುದರಿಂದ, ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರಿಗೇ ಕುರ್ಚಿ ಎಂದು ಮ್ಯಾನೇಜರ್ ಮೇಡಂ ಪರೀಕ್ಷೆ ಇಟ್ಟಿದ್ದರು. ಇಸ್ತ್ರಿಯಣ್ಣನ ಮೊಣಕಾಲುಗಳು ನಿಂತು ನಿಂತು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಅವನಿಗೆ ಪದವಿಯ ಆಸೆ ಇರಲಿಲ್ಲ, ಕೂರುವ ಆಸೆ ಇತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಕೊನೆಯ ಸಲ ಅಭ್ಯಾಸಕ್ಕೆ ಕೂತಿದ್ದ. ಕತೆ ಒಬ್ಬ ಮುದುಕ ದೋಣಿಯವನದು. ಅವನಿಗೊಂದು ಮುದಿ ನಾಯಿ. ಒಂದು ಮುಂಜಾನೆ ದಟ್ಟ ಮಂಜು. ನಾಯಿ ದೋಣಿಯಲ್ಲಿ ಮಲಗಿದೆ, ಹಗ್ಗ ಬಿಚ್ಚಿಹೋಗಿದೆ, ದೋಣಿ ನಾಯಿಯ ಸಮೇತ ತೇಲಿಕೊಂಡು ಮಂಜಿನೊಳಗೆ ಮಾಯವಾಗಿದೆ. ಮುದುಕ ದಡದಲ್ಲಿ ನಿಂತು...

ಅಲ್ಲಿಗೆ ಪುಟ ಮುಗಿಯಿತು. ಮುಂದಿನದು ಇಲ್ಲ.

"ಅಯ್ಯೋ, ನಾಯಿ ಏನಾಯ್ತೇ?" ಎಂದ ಇಸ್ತ್ರಿಯಣ್ಣ.

"ಅಪ್ಪಾ, ಅದನ್ನ ಬಿಡು, ಬೇರೆ ಪಾಠ ತಗೋ," ಎಂದಳು ಮಗಳು. ಎಂಟು ತಿಂಗಳಿಂದ ಅವಳೇ ಅವನಿಗೆ ಗುರು. "ಪರೀಕ್ಷೆಗೆ ಈ ಪುಸ್ತಕದಿಂದಲೇ ಒಂದು ಕತೆ ತೆಗೀತಾರಂತೆ. ನಾನು ಹೇಳಿದ್ದು ನೆನಪಿದೆ ತಾನೆ? ಮೊದಲು ಪ್ರಶ್ನೆ ಓದ್ಬೇಕು. ಪ್ರಶ್ನೇಲಿರೋ ಪದ ಕತೇಲಿ ಎಲ್ಲಿದೆ ಅಂತ ಹುಡುಕ್ಬೇಕು. ಆ ಸಾಲು ಇಳಿಸ್ಬೇಕು. ಕತೆ ಓದೋ ಅಗತ್ಯಾನೇ ಇಲ್ಲ."

"ಓದ್ದೇ ಹೆಂಗೆ ಉತ್ತರ ಬರೀಲಮ್ಮ? ಆ ಮುದುಕನಿಗೆ ನಾಯಿ ಬಿಟ್ರೆ ಯಾರೂ ಇಲ್ಲ ಕಣೆ."

"ನಿಮಗೆ ಕುರ್ಚಿ ಬೇಕೋ ನಾಯಿ ಬೇಕೋ?" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ಇಸ್ತ್ರಿಯಣ್ಣ ಹರಿದ ಪುಟದ ಅಂಚನ್ನು ಇನ್ನೊಮ್ಮೆ ಸವರಿ ನೋಡಿದ. ಅವನ ಓದೇ ಹಾಗೆ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ, ಒಂದೊಂದು ಪದವನ್ನೂ ಕಾಲರಿನ ಸುಕ್ಕು ಬಿಡಿಸಿದಂತೆ ಬಿಡಿಸುತ್ತಿದ್ದ. ಪುಸ್ತಕದಲ್ಲಿ ಯಾರಿಗಾದರೂ ಜ್ವರ ಬಂದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಕಪಾಟು ತುಂಬ ಪುಸ್ತಕ ಜೋಡಿಸಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಇವನಷ್ಟು ಪ್ರಾಮಾಣಿಕವಾಗಿ ಓದುವವರನ್ನು ನೋಡಿಲ್ಲ.

ಲಾಂಡ್ರಿಗೆ ಹೋದವನು ಸುಮ್ಮನೆ ಇಸ್ತ್ರಿ ಹಾಕಬಹುದಿತ್ತು. ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ! ಹರಿದ ಹೊದಿಕೆ ಹೊಲಿಯುವ ಹೊಲಿಗೆಯಕ್ಕನ ಹತ್ತಿರ ಹೇಳಿಕೊಂಡ. ಒಗೆಯುವ ಯಂತ್ರ ನೋಡಿಕೊಳ್ಳುವ ಮಿಷನ್ ಮಾವ ಕಿವಿ ನೆಟ್ಟಗೆ ಮಾಡಿಕೊಂಡು ಹತ್ತಿರ ಬಂದ.

"ಮುದುಕ ಈಜ್ಕೊಂಡು ಹೋಗಿ ಕರ್ಕೊಂಡು ಬಂದಿರ್ತಾನೆ," ಎಂದಳು ಹೊಲಿಗೆಯಕ್ಕ.

"ಆ ಮಂಜಲ್ಲಿ ಈಜಿದ್ರೆ ಅವನೂ ಗೋವಿಂದ! ನಾಯೇ ಈಜಿ ಬಂದಿರುತ್ತೆ," ಎಂದ ಮಾವ.

"ಮುದಿ ನಾಯಿ ಅಂತ ಹೇಳ್ಲಿಲ್ವಾ ಮಾವ? ಅದಕ್ಕೂ ಮೊಣಕಾಲು ನೋವಿರಲ್ವಾ?" ಎಂದ ಇಸ್ತ್ರಿಯಣ್ಣ ಸಂಕಟದಿಂದ.

"ನಾಯಿಗೆ ಎಲ್ಲಿಯ ಮೊಣಕಾಲು ನೋವಯ್ಯಾ!" ಎನ್ನುತ್ತ ಮಾವ ಕೈಗೆ ಸಿಕ್ಕಿದ ಬಟ್ಟೆಯನ್ನೆಲ್ಲ ಯಂತ್ರಕ್ಕೆ ತುರುಕಿ, ಬಿಸಿನೀರಿನ ಗುಂಡಿ ಒತ್ತಿದ. ವಾದ ಮುಗಿಯುವ ಮೊದಲು ಯಂತ್ರ ನಿಂತಿತು. ಬಾಗಿಲು ತೆಗೆದರೆ, ಆಪರೇಷನ್ ಕೋಣೆಯ ಹಸಿರು ಗೌನುಗಳ ಜೊತೆ ಬೆಂದು, ಅರವತ್ತು ಬಿಳಿ ಹೊದಿಕೆಗಳು ಪಾಚಿ ಬಣ್ಣಕ್ಕೆ ತಿರುಗಿದ್ದವು.

ಮ್ಯಾನೇಜರ್ ಮೇಡಂ ಬಂದರು. ಹೊದಿಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಯಾರ ಕೆಲಸ ಇದು?" ಎಂದರು. ಮಾವನ ಮುಖ ಬಿಳಿಚಿಕೊಂಡಿತ್ತು.

"ನನ್ನಿಂದ ಆಯ್ತು ಮೇಡಂ. ನಾನೇ ಮಾತಾಡಿಸ್ತಾ ಇದ್ದೆ," ಎಂದ ಇಸ್ತ್ರಿಯಣ್ಣ. ಕೇಳದಿದ್ದರೂ ತಪ್ಪು ಒಪ್ಪಿಕೊಳ್ಳುವ ಚಟ ಅವನಿಗೆ ಮೊದಲಿಂದಲೂ ಇತ್ತು.

"ಸರಿ. ಪಾಸಾದ್ರೆ ನೀವೇ ಸೂಪರ್‌ವೈಸರ್, ಯಾರ ಕೈಲಾದ್ರೂ ಮಾಡಿಸ್ಕೊಳ್ಳಿ. ಫೇಲಾದ್ರೆ ಈ ಅರವತ್ತೂ ಬೆಳ್ಳಗಾಗೋವರೆಗೂ ನೀವೇ ಉಜ್ಜಬೇಕು, ನಿಂತ್ಕೊಂಡು."

ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಕೂತವರು ಇಬ್ಬರೇ: ಇಸ್ತ್ರಿಯಣ್ಣ, ಮತ್ತು ಬಟ್ಟೆ ಮೂಟೆ ವಾರ್ಡಿಗೆ ಸಾಗಿಸುವ ಮಿಂಚು. ಎಲ್ಲದರಲ್ಲೂ ಅವಸರವಾದ್ದರಿಂದ ಅವನಿಗೆ ಆ ಹೆಸರು. ಅರ್ಧ ಗಂಟೆ ಸಮಯ, ಹತ್ತು ಪ್ರಶ್ನೆ.

ಇಸ್ತ್ರಿಯಣ್ಣ ಹಾಳೆ ಬಿಚ್ಚಿದ. ದೋಣಿಯವ, ಮುದಿ ನಾಯಿ, ಮಂಜು! ಅದೇ ಕತೆ, ಅದೂ ಪೂರ್ತಿ! ಮಗಳು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಗೊತ್ತಿದ್ದ ಭಾಗವನ್ನೂ ಬಿಡದೆ ಮೊದಲ ಸಾಲಿನಿಂದ ಬೆರಳಿಟ್ಟು ಹೊರಟ. ನಲವತ್ತೊಂದನೇ ಪುಟದ ಭಾಗಕ್ಕೆ ಬಂದಾಗ ಬೆರಳು ಇನ್ನೂ ನಿಧಾನವಾಯಿತು. ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಸರಿಯಾಗಿ ಓದಿದೆನೋ ಇಲ್ಲವೋ ಎಂದು ಇನ್ನೊಂದು ಸಲ ಓದಿದ. ಅಷ್ಟರಲ್ಲಿ ಮಿಂಚು ಉತ್ತರ ಕೊಟ್ಟು ಎದ್ದುಹೋಗಿದ್ದ.

ಆಮೇಲೆ ಪ್ರಶ್ನೆಗಳನ್ನು ನೋಡಿದ. ಏಳನೆಯದರ ಮೇಲೆ ಕಣ್ಣು ನೆಟ್ಟಿತು: ಕಾಯುತ್ತಿದ್ದಾಗ ಮುದುಕ ಏನು ಮಾಡಿದ? 'ಗಂಟೆ ಬಾರಿಸಿದ' ಎಂದು ಬರೆದರೆ ಮುಗಿಯಿತು. ಆದರೆ ದಿನವಿಡೀ ನಿಂತವನ ಕಾಲಿನ ಸುದ್ದಿ ಇವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಮುದುಕನ ಕೈ ಊದಿದ್ದು, ಸಂಜೆಯಾದರೂ ಅವನು ಕೂರದೆ ಇದ್ದದ್ದು, ಎಲ್ಲವನ್ನೂ ತನಗೆ ಬರುವ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದ. ಅಷ್ಟಕ್ಕೆ ಸಮಯ ಮುಗಿಯಿತು.

ಸಂಜೆ ನಾಲ್ಕಕ್ಕೆ ಫಲಿತಾಂಶ ಬಂತು. ಮಿಂಚುವಿಗೆ ಹತ್ತಕ್ಕೆ ಹತ್ತು. ಇಸ್ತ್ರಿಯಣ್ಣನಿಗೆ ಒಂದು.

ತಲೆ ತಗ್ಗಿಸಿಕೊಂಡು ಲಾಂಡ್ರಿಗೆ ಬಂದವನನ್ನು ಎಲ್ಲರೂ ಮುತ್ತಿಕೊಂಡರು. ಅಂಕ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ಅದೇ ಕತೆ ಬಂದಿತ್ತೆಂಬ ಸುದ್ದಿ ಆಗಲೇ ಮುಟ್ಟಿತ್ತು.

"ನಾಯಿ ಬಂತಾ?" ಎಂದಳು ಹೊಲಿಗೆಯಕ್ಕ.

"ಬಂತಕ್ಕಾ, ಬಂತು!" ಇಸ್ತ್ರಿಯಣ್ಣನ ಮುಖ ಅರಳಿತು. "ಆಚೆ ದಡದಲ್ಲಿ ಒಬ್ಬ ಸೂಲಗಿತ್ತಿ ಅದು ಬೊಗಳೋದು ಕೇಳಿ, ತೇಲಿ ಬಂದ ಆ ದೋಣೀನೇ ಹತ್ತಿದ್ಲು. ಮಂಜಲ್ಲಿ ದಾರಿ ಎಲ್ಲಿ ಕಾಣುತ್ತೆ? ಮುದುಕ ಬೆಳಿಗ್ಗೆಯಿಂದ ಗಂಟೆ ಬಾರಿಸೋದು ನಿಲ್ಲಿಸಿರ್ಲಿಲ್ಲ. ಆ ಸದ್ದು ಹಿಡ್ಕೊಂಡೇ ಹುಟ್ಟು ಹಾಕಿದ್ಲು. ನಾಯಿ ದಡಕ್ಕೆ ಹಾರಿದ ಮೇಲೇ ಅವನು ಗಂಟೆ ಬಿಟ್ಟಿದ್ದು."

ಹೊಲಿಗೆಯಕ್ಕ ಹಸಿರು ಹೊದಿಕೆಯಲ್ಲೇ ಕಣ್ಣೊರೆಸಿಕೊಂಡಳು. ಮಾವ ಮೂಗು ಸೀಟಿಕೊಂಡ.

"ಯಾವ ನಾಯಿ?" ಎಂಬ ದನಿ ಕಿಟಕಿಯ ಕಡೆಯಿಂದ ಬಂತು. ಮಿಂಚು ಕುರ್ಚಿಯಲ್ಲಿ ಕೂತಿದ್ದ.

"ಹತ್ತಕ್ಕೆ ಹತ್ತು ತಗೊಂಡಿದೀಯ, ಯಾವ ನಾಯಿ ಅಂತೀಯಲ್ಲೋ!" ಎಂದ ಮಾವ.

"ಕತೆ ಯಾರು ಓದಿದ್ರು ಮಾವ? ಪ್ರಶ್ನೆ ನೋಡ್ದೆ, ಸಾಲು ಹುಡುಕ್ದೆ, ಇಳಿಸ್ದೆ."

ಅಷ್ಟರಲ್ಲಿ ಮೇಡಂ ಕಲೆ ತೆಗೆಯುವ ಹೊಸ ದ್ರಾವಣದ ಡಬ್ಬ ತಂದಿಟ್ಟು, ಜೊತೆಗಿದ್ದ ಕಾಗದವನ್ನು ಹೊಸ ಸೂಪರ್‌ವೈಸರ್ ಕೈಗೆ ಕೊಟ್ಟರು. "ಇದರಲ್ಲಿ ಇರೋ ಹಾಗೇ ಮಾಡಿಸಿ. ಅಳತೆ ತಪ್ಪಿದ್ರೆ ಬಟ್ಟೆ ಚಿಂದಿಯಾಗುತ್ತೆ," ಎಂದು ಹೇಳಿ ಹೋದರು.

ಮಿಂಚು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ತಲೆಕೆಳಗು ಮಾಡಿ ನೋಡಿದ. ಫ್ಯಾನಿನ ಕೆಳಗೇ ಅವನ ಹಣೆ ಬೆವರಿತು.

"ಏನಾಯ್ತೋ?" ಎಂದ ಇಸ್ತ್ರಿಯಣ್ಣ.

"ಅಣ್ಣಾ," ಎಂದು ಮಿಂಚು ಪಿಸುಗುಟ್ಟಿದ, "ಇದ್ರಲ್ಲಿ ಕೆಳಗಡೆ ಪ್ರಶ್ನೆಗಳೇ ಇಲ್ವಲ್ಲ! ಏನಂತ ಹುಡುಕ್ಲಿ?"

ಇಸ್ತ್ರಿಯಣ್ಣ ಕನ್ನಡಕ ಹಾಕಿಕೊಂಡ. ಕುರ್ಚಿಯ ಪಕ್ಕ ನಿಂತು ಕಾಗದ ಇಸಿದುಕೊಂಡು, ಮೊದಲ ಸಾಲಿನ ಕೆಳಗೆ ಬೆರಳಿಟ್ಟ. ಒಂದು ಡಬ್ಬಕ್ಕೆ ನೀರೆಷ್ಟು, ಎಷ್ಟು ಹೊತ್ತು ನೆನೆಸಬೇಕು, ಎಲ್ಲವೂ ನಿಧಾನವಾಗಿ, ಸುಕ್ಕಿಲ್ಲದೆ ಬಿಡಿಸಿಕೊಂಡು ಬಂತು. ಹೊಲಿಗೆಯಕ್ಕ ಮತ್ತು ಮಾವ ಬಾಯಿಬಿಟ್ಟುಕೊಂಡು ಕೇಳಿದರು.

ಮಿಂಚುವಿಗೆ ಸ್ವಲ್ಪ ನಾಚಿಕೆಯಾಗಿರಬೇಕು. "ಅಣ್ಣಾ, ದಿನಾ ನೀನೇ ಓದಿ ಹೇಳ್ಬೇಕು. ಬೇಕಾದ್ರೆ ಓದೋವಾಗ ಇಲ್ಲಿ ಕೂತ್ಕೋ," ಎಂದು ಅರ್ಧ ಎದ್ದ.

"ತಡಿಯೋ, ಮಧ್ಯದಲ್ಲಿ ಮಾತಾಡ್ಬೇಡ," ಎಂದು ಇಸ್ತ್ರಿಯಣ್ಣ ಅವನ ಭುಜ ಒತ್ತಿ ಮತ್ತೆ ಕೂರಿಸಿದ. ನೋಯುವ ಕಾಲಿನಿಂದ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿ, ಕಾಗದ ಮಗುಚಿದ. "ಅರವತ್ತು ಹೊದಿಕೆ ಬೆಳ್ಳಗಾಗುತ್ತೋ ಇಲ್ವೋ ಅನ್ನೋದು ಈ ಕಡೆ ಇದೆ."