ಗುಡ್ಡದ ಹೇಸರಗತ್ತೆಗಳ ಜಗಳ

ಉದ್ದದ ಬೆಂಕಿಕಡ್ಡಿ ತನ್ನ ಕೈಗೆ ಬಂದಾಗ ವರ್ಲಿನ್ ಟ್ಯಾಕೆಟ್‌ಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಅವನು ಸುಮ್ಮನೆ ಕೆಮ್ಮಿದ. ಎದುರಿಗಿದ್ದ ಆರ್ಬಿ ಸಿಸ್ಕ್ ತನ್ನ ಪಾಲಿನ ಮೋಟುಕಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ನೋಡುತ್ತಿದ್ದರೆ ಅದು ಬೆಳೆಯಬಹುದೇನೋ ಎಂಬಂತೆ.

“ಅಲ್ಲಿಗೆ ಮುಗೀತು. ಆರ್ಬಿ ಕೆಟ್ಟವನು, ವರ್ಲಿನ್ ಒಳ್ಳೆಯವನು,” ಎಂದು ಕುಸ್ತಿ ಕಂಪನಿಯ ಯಜಮಾನ ಪ್ರೂಯಿಟ್ ಚುಟ್ಟಾ ಹಚ್ಚಿದ.

ಹನ್ನೊಂದು ವರ್ಷದಿಂದ ಇಬ್ಬರೂ ‘ಗುಡ್ಡದ ಹೇಸರಗತ್ತೆಗಳು’ ಎಂಬ ಹೆಸರಿನಲ್ಲಿ ಟೆನೆಸ್ಸೀ ಪೂರ್ತಿ ಜೋಡಿ ಕುಸ್ತಿ ಆಡುತ್ತಿದ್ದರು. ಇಬ್ಬರಿಗೂ ಒಂದೇ ಕಾರು, ಒಂದೇ ಕಾಫಿ ಫ್ಲಾಸ್ಕು, ಒಂದೇ ಬಣ್ಣದ ಚಡ್ಡಿ. ಒಬ್ಬ ಕಣದೊಳಗೆ ಪೆಟ್ಟು ತಿನ್ನುವಾಗ ಇನ್ನೊಬ್ಬ ಮೂಲೆಯ ಹಗ್ಗದಾಚೆ ಕೈ ಚಾಚಿ ನಿಂತಿರಬೇಕು. ಪೆಟ್ಟು ತಿಂದವನು ತೆವಳಿಕೊಂಡು ಬಂದು ಆ ಕೈ ಮುಟ್ಟಿದರೆ ಸರದಿ ಬದಲಾಗುತ್ತದೆ. ಈ ಅಭ್ಯಾಸ ಮೈಗೆ ಹೇಗೆ ಅಂಟಿತ್ತೆಂದರೆ, ಮನೆಯ ಬಚ್ಚಲಲ್ಲಿ ಕಾಲು ಜಾರಿದರೂ ವರ್ಲಿನ್‌ನ ಬಲಗೈ ಗಾಳಿಯಲ್ಲಿ ಆರ್ಬಿಯನ್ನು ಹುಡುಕುತ್ತಿತ್ತು.

ಇತ್ತೀಚೆಗೆ ಕುಸ್ತಿಗೆ ಜನ ಬರುವುದು ಕಡಿಮೆಯಾಗಿತ್ತು. ಪ್ರಾಣಸ್ನೇಹಿತರು ಕಚ್ಚಾಡಿಕೊಂಡರೆ ನಾಕ್ಸ್‌ವಿಲ್‌ನ ದೊಡ್ಡ ಸಭಾಂಗಣ ತುಂಬುತ್ತದೆ ಎಂಬುದು ಪ್ರೂಯಿಟ್‌ನ ಲೆಕ್ಕಾಚಾರ. ಕಸುಬಿನ ಕಟ್ಟುಪಾಡು ಇಬ್ಬರಿಗೂ ಗೊತ್ತಿದ್ದದ್ದೇ. ಕಣದಲ್ಲಿ ಏನು ನಡೆದಿದೆಯೋ ಬೀದಿಯಲ್ಲೂ ಅದನ್ನೇ ನಡೆಸಬೇಕು. ಜಗಳವೆಲ್ಲ ಮೊದಲೇ ಮಾತಾಡಿಕೊಂಡ ನಾಟಕ ಎಂಬ ಗುಟ್ಟನ್ನು ಹೆಂಡತಿಗೂ ಬಿಡುವಂತಿಲ್ಲ. ಇಬ್ಬರೂ ಒಟ್ಟಿಗೆ ನಗುವುದು ಯಾರ ಕಣ್ಣಿಗಾದರೂ ಬಿದ್ದರೆ ಇಬ್ಬರ ಕೆಲಸಕ್ಕೂ ಕಲ್ಲು ಬಿದ್ದಂತೆ.

ಆದರೆ ಕೆಲಸ ಹೋಗುವುದಕ್ಕಿಂತ ವರ್ಲಿನ್‌ನನ್ನು ಹೆಚ್ಚಾಗಿ ಹೆದರಿಸುತ್ತಿದ್ದದ್ದು ಬೇರೆ. ಯಾರಾದರೂ ತನ್ನನ್ನು ಕೆಟ್ಟವನೆಂದುಕೊಂಡುಬಿಟ್ಟರೆ? ಆರಡಿ ಎರಡಂಗುಲದ ಆ ಆಳು ಕತ್ತಲಲ್ಲಿ ಕುರ್ಚಿಗೆ ಎಡವಿದರೆ ಕುರ್ಚಿಯ ಕ್ಷಮೆ ಕೇಳುತ್ತಿದ್ದ. ಹಾಗಾಗಿ ಉದ್ದದ ಕಡ್ಡಿಯನ್ನು ಅವನು ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಮನೆಗೆ ಹೋದ.

ಶನಿವಾರ ಟಿವಿಯಲ್ಲಿ ಎಲ್ಲ ಅಂದುಕೊಂಡಂತೆಯೇ ಆಯಿತು. ಪಂದ್ಯದ ನಡುವೆ ವರ್ಲಿನ್ ತೆವಳಿಕೊಂಡು ಬಂದು ಕೈ ಚಾಚಿದಾಗ ಆರ್ಬಿ ಕೈ ಕೊಡಲಿಲ್ಲ, ಹಿಂದಿನಿಂದ ಮಡಚುವ ಕುರ್ಚಿಯಲ್ಲಿ ಬಾರಿಸಿದ. ವರ್ಲಿನ್ ಕತ್ತಿಗೆ ದಪ್ಪನೆಯ ಬಿಳಿ ಪಟ್ಟಿ ಬಿಗಿದುಕೊಂಡು ಊರಿಗೆ ಮರಳಿದ.

ಭಾನುವಾರ ಬೆಳಗಾಗುವಷ್ಟರಲ್ಲಿ ಆ ಪಟ್ಟಿ ಅವನನ್ನು ಊರಿನ ಅಳಿಯನನ್ನಾಗಿ ಮಾಡಿತ್ತು. ಹೆಂಡತಿ ನಡೀನ್ ಹಸು ಕರೆದು, ಸೌದೆ ಒಡೆದು ಬಂದು, ಗ್ರೇವಿಯಲ್ಲಿ ನೆನೆಸಿದ ಬಿಸ್ಕತ್ತು ರೊಟ್ಟಿಯನ್ನು ಚಮಚದಲ್ಲಿ ತಿನ್ನಿಸಿದಳು. ಪೆಟ್ರೋಲ್ ಬಂಕಿನವನು ಮನೆಯವರೆಗೂ ಬಂದು, ಆರ್ಬಿಯ ಕಾರಿನ ನಾಲ್ಕೂ ಚಕ್ರದ ಗಾಳಿ ಬಿಟ್ಟು ಬಂದಿರುವುದಾಗಿ ಗೌರವದಿಂದ ವರದಿ ಒಪ್ಪಿಸಿದ. ಅದು ಇಬ್ಬರಿಗೂ ಸೇರಿದ ಕಾರು ಎಂದು ಹೇಳಲು ವರ್ಲಿನ್‌ಗೆ ಬಾಯಿ ಬರಲಿಲ್ಲ.

ಅವನ ಹಿಂದೆಯೇ ಪಕ್ಕದ ಮನೆಯ ಐಸೀ ಅತ್ತೆ ಬಂದಳು. ಊರಿಗೆಲ್ಲ ಅತ್ತೆಯಾದ ಈಕೆ ಆರ್ಬಿಗೆ ಮಾತ್ರ ಹೆಣ್ಣು ಕೊಟ್ಟ ಸ್ವಂತ ಅತ್ತೆ. ಅವಳ ಕೈಯಲ್ಲಿ ಒಂದು ತಟ್ಟೆ ತುಂಬ ಕರ್ಜಿಕಾಯಿ. ಒಣಸೇಬಿನ ಹೂರಣ ತುಂಬಿ, ಹಂದಿಯ ಕೊಬ್ಬಿನಲ್ಲಿ ಕರಿದ ಆ ಕರ್ಜಿಕಾಯಿಗೆ ಇಡೀ ಗುಡ್ಡಗಾಡಿನಲ್ಲಿ ಸಮನಿರಲಿಲ್ಲ. ಶನಿವಾರ ರಾತ್ರಿ ಅವಳು ಅವನ್ನು ಕರಿಯುವುದು ಅಳಿಯನಿಗೆಂದು.

“ತಿನ್ನಪ್ಪಾ. ಆ ಚಾಂಡಾಲನಿಗೆ ನಿನ್ನೆ ನಾನು ತಟ್ಟೇನೇ ಹಾಕ್ಲಿಲ್ಲ,” ಎಂದಳು ಅತ್ತೆ. “ನನ್ನ ಮಗಳು ಅವನನ್ನ ಹಿಂದಿನ ವರಾಂಡದಲ್ಲಿ ಮಲಗಿಸಿದಾಳೆ, ನಾಯಿ ಜೊತೆ.”

“ಅತ್ತೆ, ಪಾಪ, ಅವನೂ...” ಎಂದು ಶುರು ಮಾಡಿ ವರ್ಲಿನ್ ನಾಲಿಗೆ ಕಚ್ಚಿಕೊಂಡ.

“ನೋಡು, ಇಷ್ಟಾದ್ಮೇಲೂ ಅವನಿಗೆ ಪಾಪ ಅಂತಾನೆ,” ಎಂದು ಅತ್ತೆ ನಡೀನ್ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ವರ್ಲಿನ್ ಮೂರು ಕರ್ಜಿಕಾಯಿ ತಿಂದ. ಆರ್ಬಿಯ ನೆನಪಾಗಿ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ನಾಲ್ಕನೆಯದು ಸಲೀಸಾಗಿ ಇಳಿಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅದು ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾದ ತೊಳೆಯುವ ಭಾನುವಾರ. ವರ್ಷಕ್ಕೊಮ್ಮೆ ಅಲ್ಲಿ ಗಂಡಸರು ಒಂದು ಪಕ್ಕ, ಹೆಂಗಸರು ಒಂದು ಪಕ್ಕ ಕುಳಿತು, ಸೊಂಟಕ್ಕೆ ಟವೆಲ್ ಕಟ್ಟಿ, ಮಂಡಿಯೂರಿ, ಒಬ್ಬರ ಪಾದ ಒಬ್ಬರು ತೊಳೆಯುತ್ತಾರೆ. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರು ಅದನ್ನು ಕಳೆದುಕೊಂಡೇ ಏಳಬೇಕು. ಹೊಲದ ಬೇಲಿಗೆ ಬಡಿದಾಡಿಕೊಂಡವರೂ ಅಲ್ಲಿ ಅತ್ತು ತಬ್ಬಿಕೊಂಡಿದ್ದುಂಟು.

ವರ್ಲಿನ್ ಕೊನೆಯ ಬೆಂಚಿನಲ್ಲಿ ಕುಳಿತು, ಕತ್ತುನೋವಿನ ನೆಪದಲ್ಲಿ ಮೊದಲೇ ಎದ್ದು ಹೋಗುವ ಯೋಚನೆಯಲ್ಲಿದ್ದ. ಪಾದ್ರಿ ಬ್ರದರ್ ಹೋಬರ್ಟ್ ನೇರವಾಗಿ ಅವನ ಬಳಿಗೇ ಬಂದ. ಅವನ ಹಿಂದೆ, ನೀರು ತುಂಬಿದ ಬೋಗುಣಿ ಹಿಡಿದು, ಟವೆಲ್ ಕಟ್ಟಿಕೊಂಡು, ಮಳೆಯಲ್ಲಿ ನೆಂದ ಕೋಳಿಯಂತೆ ಮುಖ ಮಾಡಿಕೊಂಡು ಆರ್ಬಿ ನಿಂತಿದ್ದ.

“ಬ್ರದರ್ ವರ್ಲಿನ್,” ಎಂದ ಪಾದ್ರಿ ಇಡೀ ಚರ್ಚಿಗೆ ಕೇಳುವಂತೆ, “ನಮ್ಮ ಆರ್ಬಿಗೆ ನಿನ್ನ ಪಾದ ತೊಳೀಬೇಕಂತೆ.”

“ನನಗೆ ಬಗ್ಗೋಕೆ ಆಗಲ್ಲ ಬ್ರದರ್. ಕತ್ತು...”

“ನೀನು ಬಗ್ಗೋದು ಬೇಡಪ್ಪ. ಬಗ್ಗೋನು ಇವನು.”

ವರ್ಲಿನ್ ಲೆಕ್ಕ ಹಾಕಿದ. ಒಪ್ಪಿಕೊಂಡರೆ ಊರೆಲ್ಲರ ಎದುರಿಗೆ ರಾಜಿಯಾದಂತೆ. ರಾಜಿಯಾದವರ ಜಗಳ ನೋಡಲು ನಾಕ್ಸ್‌ವಿಲ್‌ಗೆ ಯಾರು ಬರುತ್ತಾರೆ? ಪ್ರೂಯಿಟ್ ಇಬ್ಬರನ್ನೂ ಮನೆಗೆ ಕಳಿಸುತ್ತಾನೆ. ಒಲ್ಲೆ ಎಂದರೆ ಊರಿನ ಕಣ್ಣಿನಲ್ಲಿ ತಾನೇ ಕೆಟ್ಟವನು. ಅತ್ತ ಹೆಂಗಸರ ಸಾಲಿನಿಂದ ಐಸೀ ಅತ್ತೆ, ನಡೀನ್ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನ ಬಲಗೈ ತಾನಾಗಿ ಮುಂದಕ್ಕೆ ಚಾಚಿತು. ಎದುರಿಗಿದ್ದ ಆರ್ಬಿಯ ಕೈಯೂ ಅರ್ಧ ಮೇಲೆದ್ದಿತು. ಇಬ್ಬರೂ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು.

ಕೊನೆಗೆ ವರ್ಲಿನ್‌ಗೆ ತನ್ನ ಬದುಕಿನಲ್ಲೇ ಅತಿ ಜಾಣತನದ್ದೆನಿಸಿದ ಒಂದು ಮಾತು ಹೊಳೆಯಿತು.

“ದೇವರ ಮಾತಿಗೆ ಕಾಲು ಚಾಚ್ತೀನಿ ಬ್ರದರ್,” ಎಂದ ಗಂಭೀರವಾಗಿ. “ಆದ್ರೆ ಕುರ್ಚಿ ಪೆಟ್ಟಿಗೆ ಉತ್ತರ ನಾಕ್ಸ್‌ವಿಲ್‌ನಲ್ಲೇ ಕೊಡೋದು.”

ಚರ್ಚಿನ ತುಂಬ ಮೆಚ್ಚುಗೆಯ ಗುಜುಗುಜು ಎದ್ದಿತು. ಧರ್ಮವೂ ಉಳಿಯಿತು, ಟಿಕೆಟ್ಟೂ ಉಳಿಯಿತು. ವರ್ಲಿನ್ ಹೆಮ್ಮೆಯಿಂದ ಬೂಟು ಕಾಲುಚೀಲ ಕಳಚಿ ಪಾದವನ್ನು ಬೋಗುಣಿಯಲ್ಲಿಟ್ಟ.

ಈ ಭಾನುವಾರವನ್ನು ತಾನು ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿದ್ದದ್ದು ಯಾಕೆಂದು ಆಗ ಅವನಿಗೆ ನೆನಪಾಯಿತು. ತನ್ನ ಅಂಗಾಲನ್ನು ಯಾರಾದರೂ ಮುಟ್ಟಿದರೆ ಕಚಗುಳಿಗೆ ತಾನು ಮನುಷ್ಯನಾಗಿ ಉಳಿಯುವುದಿಲ್ಲ. ಇದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ತೀರಿಕೊಂಡ ಅವನ ತಾಯಿ. ಇನ್ನೊಬ್ಬ ಎದುರಿಗೇ ಮಂಡಿಯೂರಿದ್ದ.

ಆರ್ಬಿಯ ಹೆಬ್ಬೆರಳು ಹಿಮ್ಮಡಿಯಿಂದ ಬೆರಳುಗಳವರೆಗೆ ನಿಧಾನವಾಗಿ, ಭಕ್ತಿಯಿಂದ ಸರಿಯಿತು. ವರ್ಲಿನ್ ಹಲ್ಲು ಕಚ್ಚಿದ. ಯಾರೋ ಸತ್ತ ಸುದ್ದಿಯನ್ನೆಲ್ಲ ನೆನೆಸಿಕೊಂಡ. ಕೆನ್ನೆ ಟೊಮೇಟೊ ಹಣ್ಣಿನಂತೆ ಉಬ್ಬಿತು. ಹೆಬ್ಬೆರಳು ವಾಪಸು ಹೊರಟಿತು. ನಗು ಬಾಯಿಗೆ ಬರುವುದರೊಳಗೆ ಕಾಲು ತನ್ನ ದಾರಿ ತಾನು ನೋಡಿಕೊಂಡಿತು. ಬೋಗುಣಿ ಎಗರಿತು, ನೀರು ಪಾದ್ರಿಯ ಮೇಲೆ ಸುರಿಯಿತು, ಪಾದ ಆರ್ಬಿಯ ಎದೆಗೆ ತಾಗಿತು.

ಅದು ಹಸುಗೂಸಿನ ಒದೆತಕ್ಕಿಂತ ಜೋರಾಗೇನೂ ಇರಲಿಲ್ಲ. ಬೇರೆ ಯಾರಾಗಿದ್ದರೂ ಕುಂಡೆಯೂರಿ ಕೂರುತ್ತಿದ್ದರು, ಅಷ್ಟೇ. ಆದರೆ ಆರ್ಬಿ ಹನ್ನೊಂದು ವರ್ಷ ಪೆಟ್ಟು ತಿಂದು ಬೀಳುವುದರಲ್ಲೇ ಅನ್ನ ಸಂಪಾದಿಸಿದವನು. ಎದೆಗೆ ಕಾಲು ತಾಗಿದ್ದೇ ಅವನ ಮೈ ಹಿಂದಕ್ಕೆ ಹಾರಿತು. ಒಂದು ಬೆಂಚಿನ ಮೇಲಿಂದ ಉರುಳಿ, ಪಕ್ಕದ ಬೆಂಚಿಗೆ ತಗುಲಿ, ಹಾಡಿನ ಪುಸ್ತಕಗಳ ಗುಡ್ಡೆಯ ನಡುವೆ ಕೈಕಾಲು ಚೆಲ್ಲಿ ಅಲ್ಲಾಡದೆ ಬಿದ್ದ.

ವರ್ಲಿನ್ ಗಾಬರಿಯಿಂದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದೆಯೂ ನೋಡಿದ. ಅವನು ಪೂರ್ತಿ ಒಂದು ಸುತ್ತು ನೋಡಿದ ಮೇಲೆ ಐಸೀ ಅತ್ತೆ ನಿಧಾನವಾಗಿ ಎದ್ದು ನಿಂತಳು.

“ಕತ್ತು ಚೆನ್ನಾಗೇ ತಿರುಗ್ತಿದೆಯಲ್ಲಪ್ಪಾ,” ಎಂದಳು.

ಕತ್ತಿನ ಪಟ್ಟಿ ಯಾವಾಗಲೋ ಕಳಚಿ ಅವನ ತೊಡೆಯ ಮೇಲೆ ಬಿದ್ದಿತ್ತು.

ಆಮೇಲೆ ಯಾರೂ ಅವನನ್ನು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಚರ್ಚಿನ ಹಿಂದೆ ಓಕ್ ಮರದ ಕೆಳಗೆ ಊಟಕ್ಕೆ ಮೇಜು ಹಾಕಿದ್ದರು. ಅವನು ತಟ್ಟೆ ಹಿಡಿದು ಎಲ್ಲಿ ನಿಂತರೂ ಅಲ್ಲಿ ಕರಿದ ಕೋಳಿ ಮುಗಿದುಹೋಗಿರುತ್ತಿತ್ತು. ಮಂಡಿಯೂರಿದವನ ಎದೆಗೆ ಒದ್ದ ಕಥೆ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒಂದು ಒದೆತ ಮೂರಾಗಿತ್ತು. ಪೆಟ್ರೋಲ್ ಬಂಕಿನವನು ಪಂಪು ಹಿಡಿದು ಆರ್ಬಿಯ ಕಾರಿನ ಕಡೆ ಓಡಿದ. ಆರ್ಬಿಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಂಡತಿ ಬೀಸಣಿಗೆ ಬೀಸುತ್ತಿದ್ದಳು, ಐಸೀ ಅತ್ತೆ ಬಾಳೆಹಣ್ಣಿನ ಪುಡ್ಡಿಂಗನ್ನು ತುತ್ತು ಮಾಡಿ ಬಾಯಿಗಿಡುತ್ತಿದ್ದಳು.

ಮನೆ ಸೇರಿದ್ದೇ ನಡೀನ್ ನೇರ ಸೌದೆಯ ರಾಶಿಯ ಕಡೆ ನಡೆದಳು. ಅಂಗಳದಲ್ಲಿ ಕೊಡಲಿಯನ್ನು ತಂದು ಅವನ ಕೈಗಿಟ್ಟಳು.

“ಕತ್ತು ಸರಿಯಾಗಿದೆ ಅಂತ ಆಯ್ತು. ಮಾಗಿ ಕಳೆಯೋವರೆಗೆ ಸಾಕಾಗೋಷ್ಟು ಒಡಿ,” ಎಂದಳು.

ಸೌದೆ ಅರ್ಧ ಆಗಿದ್ದಾಗ ಫೋನು ಬಂತು. ಪ್ರೂಯಿಟ್‌ಗೆ ಸುದ್ದಿ ಆಗಲೇ ಮುಟ್ಟಿತ್ತು. ವರ್ಲಿನ್ ಕ್ಷಮೆ ಕೇಳಲು ಬಾಯಿ ತೆರೆದ. ಆದರೆ ಯಜಮಾನ ಸಂತೋಷದಿಂದ ಉಸಿರುಗಟ್ಟುವಂತಾಗಿದ್ದ. ಮೂರು ಜಿಲ್ಲೆಯ ಬ್ಯಾಪ್ಟಿಸ್ಟರು ಚರ್ಚಿನ ಬಸ್ಸು ಮಾಡಿಕೊಂಡು ನಾಕ್ಸ್‌ವಿಲ್‌ಗೆ ಬರುತ್ತಾರಂತೆ, ವರ್ಲಿನ್ ಏಟು ತಿನ್ನುವುದನ್ನು ನೋಡಲು. ಒದ್ದೆಯಾದ ಪಾದ್ರಿಯೇ ಮುಂದಿನ ಸಾಲಿನಲ್ಲಿ ಜಾಗ ಕೇಳಿದ್ದಾನಂತೆ.

“ಇಂಥ ಬುದ್ಧಿ ನನಗೆ ನಲವತ್ತು ವರ್ಷದಲ್ಲಿ ಬಂದಿಲ್ಲ ಕಣಯ್ಯಾ,” ಎಂದ ಪ್ರೂಯಿಟ್. “ಇವತ್ತಿಂದ ಕೆಟ್ಟವನು ನೀನು. ಕಡಿಮೆ ಅಂದ್ರೂ ಐದು ವರ್ಷ ಓಡುತ್ತೆ.”

“ಆದ್ರೆ ಸಾಹೇಬ್ರೇ, ಉದ್ದದ ಕಡ್ಡಿ ನನಗೆ ಬಂದಿತ್ತು,” ಎಂದ ವರ್ಲಿನ್. ಅಷ್ಟರಲ್ಲಿ ಫೋನು ಇಟ್ಟಾಗಿತ್ತು.

ಸಂಜೆ ಅವನು ಬೇಲಿ ದಾಟಿ ಕಾಡಿನ ಅಂಚಿನ ಹೊಂಡಕ್ಕೆ ಹೋದ. ಇಬ್ಬರೂ ಹನ್ನೊಂದು ವರ್ಷದಿಂದ ಮೀನು ಹಿಡಿಯುತ್ತಿದ್ದದ್ದು ಅಲ್ಲೇ. ನೀರಿನ ಅಂಚಿನ ವಿಲೋ ಮರದ ಹಿಂದೆ ಆರ್ಬಿ ಗಾಳ ಬಿಟ್ಟುಕೊಂಡು ಆರಾಮವಾಗಿ ಕುಳಿತಿದ್ದ. ಪಕ್ಕದಲ್ಲಿ ಬಟ್ಟೆಯ ಗಂಟು.

ವರ್ಲಿನ್ ಕುಳಿತ. ಮನಸ್ಸು ಎಷ್ಟು ಭಾರವಾಗಿದ್ದರೂ ಹಳೆಯ ಜಾಗದಲ್ಲಿ ಕುಳಿತ ಕೂಡಲೇ ಅರ್ಧ ಇಳಿದುಹೋಯಿತು.

“ಅಷ್ಟು ದೂರ ಯಾಕೋ ಹಾರಿದೆ ಮಾರಾಯ? ನಾನು ಒದ್ದಿದ್ದು ಇಷ್ಟೇ ಇಷ್ಟು.”

“ಬಿದ್ದಿದ್ದು ಅಭ್ಯಾಸ ಕಣೋ. ಮೈ ನನ್ನ ಮಾತು ಕೇಳಲಿಲ್ಲ.” ಆರ್ಬಿ ಗಾಳದ ದಾರವನ್ನು ಸ್ವಲ್ಪ ಎಳೆದುಕೊಂಡ. “ಕಚಗುಳಿ ಇಟ್ಟಿದ್ದು ಮಾತ್ರ ಯೋಚನೆ ಮಾಡಿ.”

ವರ್ಲಿನ್ ಅವನ ಕಡೆ ತಿರುಗಿದ.

“ನಿನ್ನೆ ರಾತ್ರಿಯೇ ಹೋಗಿ ಪಾದ್ರಿ ಹತ್ರ ನಿನ್ನ ಪಾದ ತೊಳೀತೀನಿ ಅಂತ ಅತ್ತುಬಿಟ್ಟೆ,” ಎಂದ ಆರ್ಬಿ. “ಆ ನಾಯಿ ಗೊರಕೆ ಹೊಡೆಯುತ್ತೆ ಕಣೋ. ಅದ್ರ ಮೇಲೆ ಅತ್ತೆ ತಟ್ಟೆ ತುಂಬಿಸಿ ಇಟ್ಟಿದ್ದು ನಿನಗೆ ಅಂತ ಗೊತ್ತಾಯ್ತು. ಒಂದು ರಾತ್ರಿ ಕೆಟ್ಟವನಾಗಿ ನೋಡಿದೆ. ನನ್ನ ಕೈಲಾಗಲ್ಲ.”

ವರ್ಲಿನ್‌ಗೆ ಸಿಟ್ಟು ಬರಬೇಕಿತ್ತು. ಬರುತ್ತದೇನೋ ಎಂದು ಕಾದ. ಅದು ಬರುವ ಮೊದಲೇ ಆರ್ಬಿ ಗಂಟು ಬಿಚ್ಚಿದ. ಒಳಗೆ ಅತ್ತೆ ಮಧ್ಯಾಹ್ನ ಅವನಿಗೆಂದೇ ಹೊಸದಾಗಿ ಕರಿದ ಆರು ಕರ್ಜಿಕಾಯಿ, ಇನ್ನೂ ಬೆಚ್ಚಗಿದ್ದವು. ಮೂರು ನಿನಗೆ, ಮೂರು ನನಗೆ ಎಂದ. ವಾರವಾರವೂ ಹೀಗೇ ತರುತ್ತೇನೆ ಎಂದೂ ಹೇಳಿದ. ವರ್ಲಿನ್ ಒಂದನ್ನು ಕಚ್ಚಿದ. ಕೆಟ್ಟವನ ಬಾಯಿಗೂ ಅದು ಅಷ್ಟೇ ಸಿಹಿಯಾಗಿತ್ತು.

ಆಗ ರಸ್ತೆಯ ಮೇಲೆ ಪೆಟ್ರೋಲ್ ಬಂಕಿನವನ ಟ್ರಕ್ಕು ನಿಧಾನವಾಗಿ ಬಂದು ನಿಂತಿತು.

ಕಸುಬು ಕಸುಬೇ. ವರ್ಲಿನ್ ತುಂಬಿದ ಬಾಯಿಯಲ್ಲೇ ಒಂದು ಬೈಗುಳ ಗುಡುಗಿ ಮುಷ್ಟಿ ಎತ್ತಿದ. ಅದು ಮೈಗೆ ತಾಗುವ ಮೊದಲೇ ಆರ್ಬಿ ಗಾಳದ ಸಮೇತ ಹಿಂದಕ್ಕೆ ಹಾರಿ, ತುಂಬ ಚೆನ್ನಾಗಿ, ಹೊಂಡದ ನಡುವೆ ಬಿದ್ದ.

“ಚರ್ಚಲ್ಲಿ ಒದ್ದಿದ್ದು ಸಾಲದು ಅಂತ ಈಗ ಮುಳುಗಿಸ್ತೀಯೇನೋ ಪಾಪಿ,” ಎಂದು ಟ್ರಕ್ಕಿನಿಂದ ಕೂಗು ಬಂತು.

ನೀರಿನಿಂದ ಆರ್ಬಿಯ ತಲೆ ಮೇಲೆ ಬಂತು. ಅದರ ಹಿಂದೆಯೇ ಅಭ್ಯಾಸದಂತೆ ಬಲಗೈಯೂ ಮೇಲೆ ಬಂದು ದಡದ ಕಡೆಗೆ ಚಾಚಿತು. ವರ್ಲಿನ್‌ನ ಬಲಗೈ ಆಗಲೇ ಅತ್ತ ಹೊರಟಿತ್ತು. ಟ್ರಕ್ಕಿನವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ತನ್ನ ಕೈಯನ್ನು ತಡೆಯಲು ಬೇರೆ ಉಪಾಯ ಕಾಣದೆ ವರ್ಲಿನ್ ಅದಕ್ಕೆ ಇನ್ನೊಂದು ಕರ್ಜಿಕಾಯಿ ಕೊಟ್ಟ. ಗಂಟಿನಲ್ಲಿ ಆರ್ಬಿಯ ಪಾಲಿನವೂ ಇದ್ದವು.