ಮುನಿಶಾಮಪ್ಪನ ಕಡೇ ಪದ

ಇದು ನಡೆದದ್ದು. ಒಂದಕ್ಷರ ಸುಳ್ಳಿದ್ದರೂ ನಮ್ಮ ಮನೆ ನಲ್ಲಿಯಲ್ಲಿ ಆರು ತಿಂಗಳು ಬರೀ ಗಾಳಿ ಬರಲಿ.

ಯಲಹಂಕದ ಪಕ್ಕದ ನಮ್ಮ ಸಿಂಗಾಪುರದ ಮುನಿಶಾಮಪ್ಪನ ಕಷ್ಟಕ್ಕೆಲ್ಲ ಮೂಲ ಒಂದೇ ಒಂದು ಪದ. ಊರಿನವರು ವರ್ಷಕ್ಕೊಮ್ಮೆ 'ಹಂಸಾವತಿ ಸ್ವಯಂವರ' ನಾಟಕವನ್ನು ರಾತ್ರಿಯಿಡೀ ಆಡುತ್ತಿದ್ದ ಕಾಲದಲ್ಲಿ ಅವನದು ಋಷಿಯ ಪಾತ್ರ. ಕಡೇ ಸೀನಿನಲ್ಲಿ ಬಂದು, ಒಂದು ಪದ ಹಾಡಿ, ಗಂಡುಹೆಣ್ಣಿಗೆ ಅಕ್ಷತೆ ಹಾಕಿದರೆ ಮುಗಿಯಿತು. ಆದರೆ ರಾಜನ ಪಾತ್ರ ಅನಂತರಾಜುವಿನದು. ಊರಿನ ಅರ್ಧ ಹೊಲ ಅವನದೇ. ಅವನು ಹಾಡು ನಿಲ್ಲಿಸಿದ್ದೇ ತಡ, ಜನ 'ಒನ್ಸ್ ಮೋರ್' ಅಂತ ಕೂಗುವರು. ಕೂಗಿದರೆ ಮತ್ತೆ ಹಾಡಲೇಬೇಕು, ಅದು ಪದ್ಧತಿ. ಒಂದೊಂದು ಪದ ಐದೈದು ಸಲ. ಋಷಿ ಬರುವಷ್ಟರಲ್ಲಿ ಬೆಳಕು ಹರಿದು, ಜನ ಹಾಲು ಕರೆಯಲು ಎದ್ದು ಹೋಗಿರುತ್ತಿದ್ದರು. ಹದಿನೇಳು ವರ್ಷ ಮುನಿಶಾಮಪ್ಪ ಗಡ್ಡ ಅಂಟಿಸಿಕೊಂಡು ಖಾಲಿ ಚಾಪೆಗಳಿಗೆ ಹಾಡಿದ. ಒಂದು ವರ್ಷ ಮಾತ್ರ ಒಂದು ಎಮ್ಮೆ ನಿಂತು ಕೇಳಿತು. ಅದೂ ಚರಣಕ್ಕೆ ಬರುವಷ್ಟರಲ್ಲಿ ಹೊರಟುಹೋಯಿತು.

ಆಮೇಲೆ ನಾಟಕದ ಬಯಲು ಸೈಟುಗಳಾಯಿತು. ಅವನ ಪದಕ್ಕೆ ಯಾರೂ ಅನ್ನದೇ ಉಳಿದ 'ಒನ್ಸ್ ಮೋರ್' ಎಂಬ ಆ ಎರಡು ಮಾತು ಮಾತ್ರ, ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ, ಮುನಿಶಾಮಪ್ಪನನ್ನು ಬಿಡಲಿಲ್ಲ.

ಹೀಗಿರುವಾಗ ಅದೇ ನಾಟಕವನ್ನು ಸಿನಿಮಾ ಮಾಡಿದರು. ಹಳೇ ಮಟ್ಟು ಬಲ್ಲವರನ್ನು ಹುಡುಕಿಕೊಂಡು ಬಂದ ನಿರ್ದೇಶಕ ಗುರುಚರಣ್, ಮುನಿಶಾಮಪ್ಪನಿಗೇ ಗಡ್ಡ ಅಂಟಿಸಿ ಕ್ಯಾಮೆರಾ ಮುಂದೆ ಪೂರ್ತಿ ಪದ ಹಾಡಿಸಿಕೊಂಡ. "ಕೊನೇಲಿ ಬರತ್ತೆ ಸಾರ್. ಒಂದು ಸಾಲೂ ಕಟ್ ಮಾಡಲ್ಲ" ಅಂತ ಮಾತು ಕೊಟ್ಟ.

ಮುನಿಶಾಮಪ್ಪ ಹೆಂಡತಿ ವೆಂಕಟಲಕ್ಷ್ಮಮ್ಮನಿಗೆ ಹೇಳಿದ, "ಮಿಷನ್‌ಗೆ ಒನ್ಸ್ ಮೋರ್ ಕೇಳ್ಸಲ್ಲ ಕಣೇ. ಯಾರೆಷ್ಟ್ ಕೂಗಿದ್ರೂ ನಿಲ್ಲಲ್ಲ. ನನ್ ಪದ ಬಂದೇ ಬತ್ತದೆ."

ಬಿಡುಗಡೆ ದಿನ ಬೆಳಗಿನ ಆಟಕ್ಕೆ ಬೀದಿಯ ಇಪ್ಪತ್ತೆರಡು ಜನರನ್ನು ಯಲಹಂಕದ ಮಾಲಿಗೆ ಕರೆದುಕೊಂಡು ಹೋದ. ಪರದೆ ಏಳುವ ಮುಂಚೆ ಕಾಯಿ ಒಡೆಯುವುದು ಪದ್ಧತಿ ಅಂತ ವೆಂಕಟಲಕ್ಷ್ಮಮ್ಮ ತೆಂಗಿನಕಾಯಿ ತಂದಿದ್ದಳು. ಬಾಗಿಲಲ್ಲಿ ಸೆಕ್ಯುರಿಟಿ ಶಿವಪ್ರಕಾಶ ಚೀಲಕ್ಕೆ ಕೈ ಹಾಕಿದ.

"ಹೊರಗಿನ ತಿಂಡಿ ಬಿಡಲ್ಲ ಅಮ್ಮಾ."

"ಇದು ತಿಂಡಿನೇನಪ್ಪಾ? ಯಾರಾದ್ರೂ ಕಾಯಿ ಕಚ್ಕೊಂಡ್ ಸಿನಿಮಾ ನೋಡ್ತಾರಾ?"

"ಒಡೆದ್ಮೇಲೆ ತಿಂತೀರಲ್ಲ. ಟೋಕನ್ ತಗೊಳಿ. ಒಂದೂವರೆಗೆ ನನ್ ಡ್ಯೂಟಿ ಮುಗಿಯತ್ತೆ, ಅಷ್ಟರಲ್ಲಿ ಬಿಡಿಸ್ಕೊಳಿ."

ಸಿನಿಮಾ ಶುರುವಾಯಿತು. ಪರದೆ ಮೇಲೆ ರಾಜನ ವೇಷದ ಹೀರೋ ಮೊದಲ ಪದ ಹಾಡಿ ಮುಗಿಸಿದ. ಮಂಡಿ ನೋವಿನ ಅನಂತರಾಜು ಸ್ಪ್ರಿಂಗ್ ಕಿತ್ತ ಹಾಗೆ ಎದ್ದು ನಿಂತು ಕೂಗಿದ: "ಒನ್ಸ್ ಮೋರ್!" ಹಿಂದೆಯೇ ಇಡೀ ಸಿಂಗಾಪುರ ಕೂಗಿತು.

ಮುಂದಿನ ಸೀಟಿನ ಹುಡುಗಿ ತಿರುಗಿ ನೋಡಿದಳು. "ಅಂಕಲ್, ಇದು ಯೂಟ್ಯೂಬ್ ಅಲ್ಲ."

ಎರಡನೇ ಪದಕ್ಕೂ ಹಾಗೇ ಆಯಿತು. ಶಿವಪ್ರಕಾಶ ಟಾರ್ಚ್ ಹಿಡಿದು ಬಂದ. "ಇನ್ನೊಂದ್ಸಲ ಕೂಗಿದ್ರೆ ಇಡೀ ಸಾಲನ್ನೇ ಆಚೆ ಕಳಿಸ್ತೀನಿ."

ಮುನಿಶಾಮಪ್ಪ ಅನಂತರಾಜುವಿನ ತೋಳು ಹಿಡಿದು ಜಗ್ಗಿದ. "ಅನಂತಣ್ಣ, ಕಾಲಿಗ್ ಬೀಳ್ತೀನಿ, ಸುಮ್ಕಿರಿ."

"ರಾಜ ಆಡವ್ನೆ ಕಣ್ಲಾ ಮುನಿಶಾಮಿ. ಪದ್ದತಿ ಬಿಡಕಾಯ್ತದಾ?"

"ನನ್ ಪದ ಬರೋ ಗಂಟ ಬಿಡಿ. ಆಮ್ಯಾಕೆ ಏನ್ ಬೇಕಾದ್ರೂ ಕೂಗಿ."

ಮೂರನೇ ಪದಕ್ಕೆ ಅನಂತರಾಜುವಿನ ಬಾಯಿಗೆ ಪಾಪ್‌ಕಾರ್ನ್ ತುರುಕಿದ. ನಾಲ್ಕನೆಯದಕ್ಕೆ ಟವೆಲ್ಲು. ಸಾಲದ್ದಕ್ಕೆ ಕತ್ತಲೆಯಲ್ಲೇ ಸೀಟಿನಿಂದ ಸೀಟಿಗೆ ತೆವಳಿಕೊಂಡು ಹೋಗಿ, ಕಾಯಿಯ ಟೋಕನ್ ಮುಟ್ಟಿಸಿ, ಒಬ್ಬೊಬ್ಬರಿಂದಲೂ ಆಣೆ ಮಾಡಿಸಿಕೊಂಡ. ಇನ್ನು ಯಾರೂ ಒನ್ಸ್ ಮೋರ್ ಅನ್ನಕೂಡದು.

ಕಡೇ ಸೀನು ಬಂತು. ಗಂಡುಹೆಣ್ಣು ಹಾರ ಬದಲಾಯಿಸಿಕೊಂಡರು. ಮುನಿಶಾಮಪ್ಪ ಸೀಟಿನ ತುದಿಗೆ ಬಂದ. ಋಷಿ ಬರಲಿಲ್ಲ. ಪರದೆ ಕಪ್ಪಾಯಿತು, ಹೆಸರುಗಳು ಮೇಲೇರತೊಡಗಿದವು, ದೀಪ ಹತ್ತಿತು.

"ನಡೀರ್ಲಾ, ಮೊದ್ಲು ಗಾಡಿ ತೆಗೀಬೇಕು. ಇಲ್ದಿದ್ರೆ ಕೆಳಗಡೆ ಪಾರ್ಕಿಂಗಲ್ಲೇ ಸಂಜೆ ಆಯ್ತದೆ" ಅಂತ ಅನಂತರಾಜು ಎದ್ದ. ಎಲ್ಲರೂ ಎದ್ದರು.

"ಕಾಯಿ ಟೋಕನ್ ಕೊಡ್ರೀ, ಸೆಕ್ಯುರಿಟಿಯವನ ಡ್ಯೂಟಿ ಮುಗಿಯತ್ತೆ" ಅಂತ ವೆಂಕಟಲಕ್ಷ್ಮಮ್ಮನೂ ಓಡಿದಳು.

ಆಗ, ಹೆಸರುಗಳ ಪಕ್ಕದಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಗಡ್ಡದ ಮುನಿಶಾಮಪ್ಪ ಬಾಯಿ ತೆರೆದ.

"ಬಂದೆ ಕಣ್ರೋ, ಕೂತ್ಕಳ್ರೋ" ಅಂದ. ಬಾಗಿಲ ಕಡೆ ಹೋಗುತ್ತಿದ್ದ ಬೆನ್ನುಗಳಲ್ಲಿ ಒಂದೂ ತಿರುಗಲಿಲ್ಲ.

ಒಬ್ಬನೇ ಕೂತು ಕೇಳಿದ. ಬೆಳಗಿನ ಚಳಿಯಲ್ಲಿ ಹದಿನೇಳು ವರ್ಷವೂ ಒಡೆಯುತ್ತಿದ್ದ ದನಿ ಇಲ್ಲಿ ಒಡೆದಿರಲಿಲ್ಲ. ಡ್ರೈವರುಗಳ ಹೆಸರು, ಟೀ ಕೊಟ್ಟವರ ಹೆಸರು ಪಕ್ಕದಲ್ಲಿ ಹೋಗುತ್ತಿದ್ದವು. ಪದ ಮಾತ್ರ ಕೆರೆ ನೀರಿನ ಹಾಗೆ ತಣ್ಣಗೆ ತುಂಬಿಕೊಂಡಿತು.

ಪೊರಕೆ ಹಿಡಿದು ಬಂದ ಸಬೀರಾ ಪರದೆ ನೋಡಿದಳು, ಇವನ ಮುಖ ನೋಡಿದಳು.

"ಇದು ನೀವಾ ತಾತ?"

"ಊಂ ಕಣಮ್ಮ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಕಡೇ ಸಾಲಿನವರೆಗೂ ನಿಂತು ಕೇಳಿದಳು. ಪದ ಮುಗಿಯಿತು. ಅವಳು ಬಾಯಿ ತೆರೆದಳು. ಮುನಿಶಾಮಪ್ಪ ಅವಳ ಕಡೆ ಬಾಗಿದ.

"ಸ್ವಲ್ಪ ಕಾಲ್ ಎತ್ತಿ ತಾತ."

ಕೆಳಗೆ ಬಂದರೆ ಗಾಡಿಗಳ ಸಾಲು ಒಂದು ಗೇಣೂ ಕದಲಿರಲಿಲ್ಲ. ಅನಂತರಾಜು ಕಿಟಕಿ ಇಳಿಸಿದ.

"ಸಿನಿಮಾ ಚೆಂದಾಗೈತೆ ಕಣ್ಲಾ. ನೀನೆಲ್ಲಿದ್ದೆ ಅದ್ರಲ್ಲಿ?"

"ಕಡೇಗೆ."

"ಯಾವಾಗ್ಲೂ ಇಂಗೇ ಅಂತೀಯ."

ನೀವು ಮಾತ್ರ ಎದ್ದು ಹೋಗದೆ ಈ ಕಥೆಯ ಕಡೇವರೆಗೂ ಕೂತಿದ್ದೀರಿ. ಕೂತ ತಪ್ಪಿಗೆ ಆ ಎರಡು ಮಾತು ಕೂಗಿಬಿಡಿ. ಸ್ವಲ್ಪ ಜೋರಾಗಿಯೇ ಕೂಗಿ. ಪಕ್ಕದ ಬೀದಿಯ ಜಗಲಿ ಮೇಲೆ ಮುನಿಶಾಮಪ್ಪ ಕೂತಿದ್ದಾನೆ, ಈಚೆಗೆ ಅವನಿಗೆ ಕಿವಿ ಮಂದ.